ಮೈಮೇಲಿನ ಗಾಯಕ್ಕೆ ಹೊಸ ಚರ್ಮ: ಕಸಿ, ಫ್ಲ್ಯಾಪ್ ಮತ್ತು ಮೊದಲ ಮೂರು ದಿನ



ಪ್ಲಾಸ್ಟಿಕ್ ಸರ್ಜನ್ ಮಾತಾಡುತ್ತಾರೆ ಎಂದರೆ ಮುಖ, ಮೂಗು, ಸಿನಿಮಾ ತಾರೆಯರ ಸುದ್ದಿ ಇರುತ್ತದೆ ಎಂದು ಕೆಲವರಾದರೂ ಅಂದುಕೊಂಡಿರಬಹುದು. ಇಂದು ಮುಖದ ಮಾತು ಬಿಡೋಣ. ನನ್ನ ಕೆಲಸದ ಬಹುಪಾಲು ಕುತ್ತಿಗೆಯಿಂದ ಕೆಳಗಿನದು. ಯಂತ್ರಕ್ಕೆ ಸಿಕ್ಕಿದ ಕೈ, ಫೋರ್ಕ್‌ಲಿಫ್ಟ್ ಹತ್ತಿದ ಪಾದ, ಬಿಸಿ ಎಣ್ಣೆ ಬಿದ್ದ ತೊಡೆ, ಬೈಕ್ ಅಪಘಾತದಲ್ಲಿ ಮೂಳೆ ಹೊರಬಂದ ಮೊಣಕಾಲ ಕೆಳಗಿನ ಭಾಗ, ಸಕ್ಕರೆ ಕಾಯಿಲೆಯವರ ಅಂಗಾಲ ಹುಣ್ಣು. ಇವೆಲ್ಲ ದುಡಿಯುವವರ ಗಾಯಗಳು. ಪ್ಲಾಸ್ಟಿಕ್ ಎಂಬ ಹೆಸರಿಗೂ ನಾವು ಬಳಸುವ ಬಕೆಟ್ಟು, ಚೀಲಕ್ಕೂ ಇಲ್ಲಿ ಸಂಬಂಧವಿಲ್ಲ. ಆಕಾರ ಕೊಡುವುದು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು.

ನಾನು ಊರಿನಲ್ಲಿ ಕೆಲಸ ಮಾಡುವವನು. ಕೊಲ್ಲಿಯಿಂದ ರಜೆಗೆ ಬಂದವರು ತಿಂಗಳುಗಟ್ಟಲೆ ಹಳೆಯದಾದ ಗಾಯ ತೋರಿಸಲು ಬರುವುದನ್ನು ವರ್ಷಗಳಿಂದ ನೋಡುತ್ತಿದ್ದೇನೆ. "ಊರಿಗೆ ಹೋದಾಗ ತೋರಿಸೋಣ ಅಂತ ಸುಮ್ಮನಿದ್ದೆ ಡಾಕ್ಟ್ರೇ" ಎಂಬ ಮಾತು ನನಗೆ ಬಾಯಿಪಾಠವಾಗಿದೆ. ಆ ಒಂದು ಮಾತಿಗೆ ಉತ್ತರ ಕೊಡಲೆಂದೇ ಇಂದಿನ ವಿಷಯ ಆರಿಸಿಕೊಂಡೆ.

ಚರ್ಮ ತಾನಾಗಿ ಎಷ್ಟು ಬೆಳೆಯುತ್ತದೆ?

ವಯಸ್ಕರ ಮೈಮೇಲಿನ ಚರ್ಮವನ್ನು ಬಿಡಿಸಿ ಹಾಸಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರಲ್ಲಿ ಎರಡು ಪದರ. ಮೇಲಿನದು ತೆಳು, ಅದರಲ್ಲಿ ರಕ್ತನಾಳವೇ ಇಲ್ಲ. ಕೆಳಗಿನದು ದಪ್ಪ. ರಕ್ತನಾಳ, ನರದ ತುದಿ, ಕೂದಲಿನ ಬುಡ, ಬೆವರಿನ ಗ್ರಂಥಿ ಎಲ್ಲ ಇರುವುದು ಈ ಕೆಳಪದರದಲ್ಲಿ.

ಬಿದ್ದು ಮೊಣಕೈ ತರಚಿದರೆ ಹತ್ತು ದಿನದಲ್ಲಿ ಹೊಸ ಚರ್ಮ ಬರುತ್ತದಲ್ಲ, ಅದು ಹೇಗೆ? ಮೇಲ್ಪದರ ಹೋದರೂ ಕೂದಲಿನ ಬುಡದಲ್ಲಿ, ಬೆವರಿನ ಗ್ರಂಥಿಯಲ್ಲಿ ಅದರ ಜೀವಕೋಶಗಳು ಉಳಿದಿರುತ್ತವೆ. ಕೊಯ್ದ ಗದ್ದೆಯ ಕೂಳೆ ಮತ್ತೆ ಚಿಗುರಿದ ಹಾಗೆ ಅಲ್ಲಿಂದ ಚರ್ಮ ಚಿಗುರುತ್ತದೆ. ಆದರೆ ಎರಡೂ ಪದರ ಪೂರ್ತಿ ಹೋದರೆ ನಡುವೆ ಚಿಗುರಲು ಏನೂ ಉಳಿದಿರುವುದಿಲ್ಲ. ಚರ್ಮ ಗಾಯದ ಅಂಚಿನಿಂದ ಮಾತ್ರ ತೆವಳಿಕೊಂಡು ಬರಬೇಕು. ಜೊತೆಗೆ ಗಾಯ ತನ್ನ ಅಂಚುಗಳನ್ನು ಒಳಗೆಳೆದುಕೊಂಡು ಚಿಕ್ಕದಾಗಲು ನೋಡುತ್ತದೆ.

ಬೆರಳ ತುದಿಯ ಸಣ್ಣ ಗಾಯಕ್ಕೆ ಇಷ್ಟು ಸಾಕು. ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಅಂಗೈಯಲ್ಲಿ ದೊಡ್ಡ ಗಾಯವಾದರೆ ಇದೇ ಎಳೆತ ಶತ್ರುವಾಗುತ್ತದೆ. ಚರ್ಮ ಬಿಗಿದು ಕೀಲು ಮಡಚಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಗಾಯ ಮುಚ್ಚಿತು ಎನ್ನುವುದು ಬೇರೆ, ಆ ಕೈಯಲ್ಲಿ ಸುತ್ತಿಗೆ ಹಿಡಿಯಲು ಬರುತ್ತದೆ ಎನ್ನುವುದು ಬೇರೆ. ನಮ್ಮ ಕೆಲಸ ಎರಡನೆಯದಕ್ಕಾಗಿ.

ಗಾಯದ ತಳದಲ್ಲಿ ಏನಿದೆ?

ರೋಗಿಯ ಮನೆಯವರು ಕೇಳುವುದು "ಗಾಯ ಎಷ್ಟು ದೊಡ್ಡದು?" ಎಂದು. ನಾವು ಕೇಳಿಕೊಳ್ಳುವುದು "ಗಾಯದ ತಳದಲ್ಲಿ ಏನು ಕಾಣುತ್ತಿದೆ?" ಎಂದು. ತಳದಲ್ಲಿ ಕೆಂಪಾದ ಜೀವಂತ ಸ್ನಾಯು ಇದ್ದರೆ ಒಂದು ದಾರಿ. ಬೆತ್ತಲೆ ಮೂಳೆ, ಹೊದಿಕೆ ಕಳೆದುಕೊಂಡ ಟೆಂಡನ್, ಮೂಳೆಗೆ ಹಾಕಿದ ಸ್ಟೀಲ್ ಪ್ಲೇಟ್ ಕಾಣುತ್ತಿದ್ದರೆ ಬೇರೆಯದೇ ದಾರಿ. ಅಂಗೈಯಗಲದ ಗಾಯ ಸುಲಭವಾಗಿ ಮುಗಿಯಬಹುದು, ರೂಪಾಯಿ ನಾಣ್ಯದಷ್ಟು ಗಾಯಕ್ಕೆ ಆರು ಗಂಟೆಯ ಆಪರೇಷನ್ ಬೇಕಾಗಬಹುದು.

ಯಾವ ದಾರಿ ಹಿಡಿದರೂ ಮೊದಲು ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಮಣ್ಣು, ಗ್ರೀಸ್, ಲೋಹದ ಚೂರು ಎಲ್ಲ ತೊಳೆಯಬೇಕು. ಕಳೆ ಕೀಳದೆ ಬಿತ್ತಿದ ಹೊಲದ ಗತಿಯೇ ಕೊಳೆ ಉಳಿಸಿ ಮುಚ್ಚಿದ ಗಾಯಕ್ಕೂ. ಒಮ್ಮೆಗೆ ಮುಗಿಯದಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ತೊಳೆಯುತ್ತಾರೆ. ಆದ್ದರಿಂದ "ಮತ್ತೆ ಯಾಕೆ ಥಿಯೇಟರಿಗೆ ಕರೆದುಕೊಂಡು ಹೋದರು, ಮೊದಲ ಸಲ ಸರಿ ಮಾಡಲಿಲ್ಲವಾ?" ಎಂದು ಗಾಬರಿಯಾಗಬೇಡಿ.

ಚರ್ಮ ಕಸಿ: ನೇಜಿ ನೆಟ್ಟ ಹಾಗೆ

ಪತ್ರಿಕೆಗಳಲ್ಲಿ ಚರ್ಮ ಕಸಿ ಎಂದು ಬರೆಯುತ್ತಾರೆ. ಕಸಿ ಎಂದಾಗ ನಮಗೆ ನೆನಪಾಗುವುದು ಮಾವಿನ ಗಿಡಕ್ಕೆ ಕಟ್ಟುವ ಕಸಿ. ಇಲ್ಲಿ ನಡೆಯುವುದು ಗದ್ದೆಯ ನಾಟಿಗೆ ಹತ್ತಿರವಾದದ್ದು. ನೇಜಿಯನ್ನು ಮಡಿಯಿಂದ ಕಿತ್ತಾಗ ಅದಕ್ಕೆ ನೀರಿನ ಸಂಪರ್ಕ ತಪ್ಪುತ್ತದೆ. ಕೆಸರು ಹದವಾಗಿದ್ದರೆ ಬೇರು ಹಿಡಿಯುತ್ತದೆ, ಬಂಡೆಯ ಮೇಲೆ ನೆಟ್ಟರೆ ಒಣಗುತ್ತದೆ.

ಸಾಮಾನ್ಯವಾಗಿ ತೊಡೆಯಿಂದ, ಕೂದಲು ಹೆರೆಯುವ ಬ್ಲೇಡಿನ ದೊಡ್ಡಣ್ಣನಂತಿರುವ ಡರ್ಮಟೋಮ್ ಎಂಬ ಉಪಕರಣದಿಂದ, ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ತೆಳುವಾದ ಚರ್ಮದ ಹಾಳೆ ತೆಗೆಯುತ್ತೇವೆ. ತೊಡೆಯಲ್ಲಿ ಕೆಳಪದರದ ಭಾಗ ಉಳಿದಿರುವುದರಿಂದ ಅದು ತರಚು ಗಾಯದಂತೆ ಎರಡು ವಾರದೊಳಗೆ ತಾನೇ ಮಾಯುತ್ತದೆ. ದೊಡ್ಡ ಸುಟ್ಟಗಾಯವಿದ್ದರೆ ಮಾಯ್ದ ಮೇಲೆ ಅದೇ ಜಾಗದಿಂದ ಇನ್ನೊಮ್ಮೆ ತೆಗೆಯಬಹುದು. 1869ರಲ್ಲಿ ಪ್ಯಾರಿಸ್‌ನಲ್ಲಿ ರೆವರ್ದಾಂ ಎಂಬ ಯುವ ವೈದ್ಯರು ಚರ್ಮದ ಸಣ್ಣ ಸಣ್ಣ ಚೂರುಗಳನ್ನು ಗಾಯದ ಮೇಲಿಟ್ಟು ಬೆಳೆಸಿ ತೋರಿಸಿದರು. 1964ರಲ್ಲಿ ಅಮೆರಿಕದ ಟ್ಯಾನರ್ ಮತ್ತು ಜೊತೆಗಾರರು ಚರ್ಮದ ಹಾಳೆಗೆ ಸಾಲುಸಾಲಾಗಿ ಸೀಳು ಹಾಕಿ ಮೀನಿನ ಬಲೆಯಂತೆ ಹಿಗ್ಗಿಸುವ ವಿಧಾನ ಕೊಟ್ಟರು. ಹೀಗೆ ಮಾಡಿದರೆ ಕಡಿಮೆ ಚರ್ಮದಿಂದ ಹೆಚ್ಚು ಗಾಯ ಮುಚ್ಚುತ್ತದೆ, ಕೆಳಗೆ ಸೇರಿದ ರಕ್ತ, ನೀರು ಬಲೆಯ ಕಣ್ಣಿನಿಂದ ಹೊರಬರುತ್ತದೆ.

ಇಟ್ಟ ಚರ್ಮ ಮೊದಲ ಒಂದೆರಡು ದಿನ ಗಾಯದ ತಳದ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ತಳದ ಸೂಕ್ಷ್ಮ ರಕ್ತನಾಳಗಳು ಚರ್ಮದೊಳಗಿನ ನಾಳಗಳ ಜೊತೆ ಕೂಡಿಕೊಳ್ಳತೊಡಗುತ್ತವೆ. ಐದರಿಂದ ಏಳು ದಿನದಲ್ಲಿ ರಕ್ತಸಂಚಾರ ಕೂಡಿಬರುತ್ತದೆ. ಈ ದಿನಗಳಲ್ಲಿ ಚರ್ಮ ಒಂದು ಕೂದಲೆಳೆಯಷ್ಟು ಜಾರಿದರೂ ಆಗಷ್ಟೇ ಹುಟ್ಟಿದ ನಾಳ ಹರಿಯುತ್ತದೆ. ಆದ್ದರಿಂದಲೇ "ಕಾಲು ಅಲ್ಲಾಡಿಸಬೇಡಿ, ಬ್ಯಾಂಡೇಜ್ ಬಿಚ್ಚಿ ನೋಡಬೇಡಿ" ಎನ್ನುವುದು. ಕಸಿ ಕೆಡುವ ಕಾರಣಗಳು ಮುಖ್ಯವಾಗಿ ನಾಲ್ಕು: ಕೆಳಗೆ ರಕ್ತ ತುಂಬುವುದು, ಜಾರುವುದು, ಸೋಂಕು, ಮತ್ತು ತಳದಲ್ಲಿ ರಕ್ತವಿಲ್ಲದಿರುವುದು.

ಹಾಳೆ ತೆಳುವಾದಷ್ಟು ಸುಲಭವಾಗಿ ಹಿಡಿಯುತ್ತದೆ, ಆದರೆ ಆಮೇಲೆ ಹೆಚ್ಚು ಸುಕ್ಕಿ ಬಿಗಿಯುತ್ತದೆ. ಆದ್ದರಿಂದ ಬೆರಳು, ಅಂಗೈಯಂಥ ಕಡೆ ಸಣ್ಣ ಗಾಯವಿದ್ದರೆ ತೊಡೆಸಂದಿಯಿಂದ ಪೂರ್ತಿ ದಪ್ಪದ ಚರ್ಮ ತೆಗೆದು ಹಾಕುತ್ತೇವೆ. ತೆಗೆದ ಜಾಗಕ್ಕೆ ಹೊಲಿಗೆ ಹಾಕಿ ಮುಚ್ಚುತ್ತೇವೆ.

ಫ್ಲ್ಯಾಪ್: ಬೇರಿನ ಮಣ್ಣಿನ ಸಮೇತ

ಬೆತ್ತಲೆ ಮೂಳೆಯ ಮೇಲೆ ನೇಜಿ ಹಿಡಿಯುವುದಿಲ್ಲ. ಅಲ್ಲಿಗೆ ಅಡಿಕೆ ಸಸಿಯನ್ನು ಬೇರಿನ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೆಡುವ ಹಾಗೆ, ಚರ್ಮ, ಅದರ ಕೆಳಗಿನ ಕೊಬ್ಬು, ಕೆಲವೊಮ್ಮೆ ಸ್ನಾಯುವನ್ನೂ ಅದರದೇ ರಕ್ತನಾಳದೊಡನೆ ತರಬೇಕು. ಇದೇ ಫ್ಲ್ಯಾಪ್. ತನ್ನ ಊಟದ ಬುತ್ತಿಯನ್ನು ತಾನೇ ಹೊತ್ತು ಬರುವುದರಿಂದ ತಳದಲ್ಲಿ ಏನೂ ಸಿಗದಿದ್ದರೂ ಅದು ಬದುಕುತ್ತದೆ. ಅಷ್ಟೇ ಅಲ್ಲ, ಕೆಳಗಿನ ಮುರಿದ ಮೂಳೆ ಕೂಡಲು ಬೇಕಾದ ರಕ್ತವನ್ನೂ ತರುತ್ತದೆ.

ಈ ತತ್ವ ನಮ್ಮ ನೆಲಕ್ಕೆ ಹಳೆಯದು. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಕೌವಾಸ್ಜಿ ಎಂಬ ಎತ್ತಿನ ಗಾಡಿಯವನ ಕಥೆ ಅಚ್ಚು ಹಾಕಿತು. ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಜೊತೆಗಿದ್ದ ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡಿದ್ದ. ಪುಣೆಯ ಕಡೆಯ ಒಬ್ಬ ಕುಶಲಕರ್ಮಿ ಅವನ ಹಣೆಯ ಚರ್ಮವನ್ನು ಹುಬ್ಬಿನ ನಡುವೆ ಅಂಟಿಕೊಂಡಿರುವಂತೆಯೇ ಉಳಿಸಿ ಕೆಳಗೆ ತಿರುಗಿಸಿ ಹೊಸ ಮೂಗು ಕಟ್ಟಿದ್ದ. ಅಂಟಿಕೊಂಡ ಆ ಒಂದು ಬೆರಳಗಲದ ಚರ್ಮದ ಮೂಲಕ ರಕ್ತ ಹರಿಯುತ್ತಿತ್ತು. ಕೈಗೆ, ಕಾಲಿಗೆ ನಾವು ಇಂದು ಮಾಡುವುದೂ ಅದೇ ಲೆಕ್ಕ.

ಹತ್ತಿರದಲ್ಲಿ ಒಳ್ಳೆಯ ಚರ್ಮ ಸಿಗದಿದ್ದರೆ? ಕೈಯ ಹಿಂಭಾಗದ ದೊಡ್ಡ ಗಾಯಕ್ಕೆ ತೊಡೆಸಂದಿಯ ಚರ್ಮವನ್ನು ಅರ್ಧ ಬಿಡಿಸಿ, ಕೈಯನ್ನೇ ಅಲ್ಲಿಗೆ ಒಯ್ದು ಹೊಲಿಯುವುದುಂಟು. ಸುಮಾರು ಮೂರು ವಾರ ಕೈ ಅಲ್ಲೇ ಇರಬೇಕು. ಅಷ್ಟರಲ್ಲಿ ಕೈಯಿಂದ ಹೊಸ ನಾಳಗಳು ಬೆಳೆದಿರುತ್ತವೆ, ಆಗ ಬಿಡಿಸುತ್ತೇವೆ. ಎಲ್ಲ ಆಸ್ಪತ್ರೆಯಲ್ಲೂ ದೊಡ್ಡ ಯಂತ್ರವಿಲ್ಲದೆ ಮಾಡಬಹುದಾದ, ಎಷ್ಟೋ ಕೈಗಳನ್ನು ಉಳಿಸಿದ ಆಪರೇಷನ್ ಇದು.

ಇನ್ನೊಂದು ದಾರಿ, ಫ್ಲ್ಯಾಪನ್ನು ಪೂರ್ತಿ ಬಿಡಿಸಿ ದೂರಕ್ಕೆ ಒಯ್ಯುವುದು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಹೀಗೆ ಕಾಲಿನ ಗಾಯಕ್ಕೆ ಸಾಗಿಸಿದ್ದನ್ನು ವರದಿ ಮಾಡಿದರು. ಸೂಕ್ಷ್ಮದರ್ಶಕದ ಕೆಳಗೆ, ಒಂದರಿಂದ ಮೂರು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ತಲೆಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ತೋಟದ ಪೈಪ್ ಕತ್ತರಿಸಿ ಬೇರೆ ಬೋರ್‌ವೆಲ್ಲಿಗೆ ಜೋಡಿಸಿದ ಹಾಗೆ. ನೀರು ನಿಂತರೆ ಗಿಡ ಒಣಗುತ್ತದೆ. ಆದ್ದರಿಂದ ಮೊದಲ ಎರಡು ಮೂರು ದಿನ ನರ್ಸ್‌ಗಳು ಗಂಟೆಗಂಟೆಗೂ ಬಂದು ಅದರ ಬಣ್ಣ, ಬಿಸಿ ನೋಡುತ್ತಾರೆ. ರಾತ್ರಿ ಎಬ್ಬಿಸಿದರು ಎಂದು ಬೈದುಕೊಳ್ಳಬೇಡಿ.

ಮೈಯ ಯಾವ ಭಾಗಕ್ಕೆ ಯಾವ ಚರ್ಮ?

ಮೊಣಕಾಲಿನಿಂದ ಪಾದದವರೆಗಿನ ಭಾಗವನ್ನೇ ನೋಡಿ. ಮುಂಭಾಗದ ಮೂಳೆಯ ಮೇಲೆ ಚರ್ಮ ಬಿಟ್ಟರೆ ಬೇರೆ ಹೊದಿಕೆ ಇಲ್ಲ. ಟೇಬಲ್ ಕಾಲಿಗೆ ಬಡಿದಾಗ ಕಣ್ಣಲ್ಲಿ ನೀರು ಬರುವ ಜಾಗ ಅದೇ. ನಮ್ಮ ಸಾಮಾನ್ಯ ಲೆಕ್ಕ ಹೀಗಿದೆ. ಮೇಲಿನ ಮೂರನೇ ಒಂದು ಭಾಗದಲ್ಲಿ ಮೂಳೆ ಕಂಡರೆ ಮೀನಖಂಡದ ಹೊರಗಿನ ಸ್ನಾಯುವನ್ನು ತಿರುಗಿಸಿ ಮುಚ್ಚುವುದು. ನಡುವಿನ ಭಾಗಕ್ಕೆ ಅದರ ಒಳಗಿರುವ ಇನ್ನೊಂದು ಸ್ನಾಯು. ಕೆಳಗಿನ ಭಾಗಕ್ಕೆ, ಹಿಮ್ಮಡಿಗೆ ಸ್ನಾಯು ತಲುಪುವುದಿಲ್ಲ. ಅಲ್ಲಿಗೆ ಹೆಚ್ಚಾಗಿ ದೂರದಿಂದ ತಂದು ನಾಳ ಜೋಡಿಸುವ ಫ್ಲ್ಯಾಪ್ ಬೇಕು, ಇಲ್ಲವೇ ಗಾಯ ಚಿಕ್ಕದಿದ್ದರೆ ಪಕ್ಕದ ಚರ್ಮದ ಫ್ಲ್ಯಾಪ್. ಸೈಟಿನಲ್ಲಿ ಕಬ್ಬಿಣ ಬೀಳುವುದೂ, ಬೈಕಿನ ಸೈಲೆನ್ಸರ್ ಸುಡುವುದೂ ಹೆಚ್ಚಾಗಿ ಈ ಕೆಳಗಿನ ಭಾಗದಲ್ಲೇ.

ಅಂಗಾಲಿನ ಚರ್ಮ ಮೈಯ ಹೆಚ್ಚಿನ ಭಾಗದ ಚರ್ಮಕ್ಕಿಂತ ಬೇರೆ ಜಾತಿಯದು, ದಪ್ಪ, ಕೂದಲಿಲ್ಲದ್ದು, ಕೆಳಗಿನ ಮೂಳೆಗೆ ಬಿಗಿಯಾಗಿ ಕಟ್ಟಿಕೊಂಡದ್ದು. ಹಿಮ್ಮಡಿಯ ಗಾಯಕ್ಕೆ ಸಾಧ್ಯವಾದರೆ ಪಾದದ ನಡುವಿನ, ಭಾರ ಬೀಳದ ಕಮಾನಿನ ಚರ್ಮವನ್ನೇ ಅದರ ನರದೊಡನೆ ತರುತ್ತೇವೆ. ನಡೆಯುವಾಗ ಕಲ್ಲು ಚುಚ್ಚಿದ್ದು ತಿಳಿಯಬೇಕಲ್ಲ? ಸಕ್ಕರೆ ಕಾಯಿಲೆ ಇರುವ ಹಲವರಲ್ಲಿ ಈ ಅರಿವೇ ಹೋಗಿರುತ್ತದೆ. ಅವರ ಪಾದದ ಹುಣ್ಣಿಗೆ ಚರ್ಮ ಹಾಕುವ ಮುನ್ನ ಕಾಲಿಗೆ ರಕ್ತ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು, ಸಕ್ಕರೆ ಹತೋಟಿಗೆ ಬರಬೇಕು, ಆ ಜಾಗಕ್ಕೆ ಭಾರ ಬೀಳದಂತೆ ಚಪ್ಪಲಿ ಬದಲಾಗಬೇಕು. ಇಲ್ಲದಿದ್ದರೆ ಎಷ್ಟು ಸಲ ಚರ್ಮ ಹಾಕಿದರೂ ಹುಣ್ಣು ಮರಳಿ ಬರುತ್ತದೆ.

ಮೂರು ದಿನದ ಲೆಕ್ಕ

ಈಗ ಮುಖ್ಯ ಮಾತಿಗೆ ಬಂದೆ. ಸ್ಲೊವೇನಿಯದ ಲ್ಯುಬ್ಲಿಯಾನದಲ್ಲಿ ಮಾರ್ಕೊ ಗೊದಿನಾ ಎಂಬ ಶಸ್ತ್ರಚಿಕಿತ್ಸಕರಿದ್ದರು. ಕೈಕಾಲಿನ ದೊಡ್ಡ ಗಾಯಗಳಿಗೆ ನಾಳ ಜೋಡಿಸಿದ ಫ್ಲ್ಯಾಪ್ ಹಾಕಿಸಿಕೊಂಡ 532 ಜನರ ಲೆಕ್ಕವನ್ನು ಅವರು ಇಟ್ಟಿದ್ದರು. 1986ರಲ್ಲಿ ಅದು ಪ್ರಕಟವಾಯಿತು. ಗಾಯವಾದ 72 ಗಂಟೆಯೊಳಗೆ ಸ್ವಚ್ಛ ಮಾಡಿ ಮುಚ್ಚಿದವರಲ್ಲಿ ಫ್ಲ್ಯಾಪ್ ಕೆಟ್ಟದ್ದು ಶೇ. 0.75, ಸೋಂಕು ಶೇ. 1.5. ಮೂರು ದಿನ ದಾಟಿ ಮೂರು ತಿಂಗಳೊಳಗೆ ಮಾಡಿಸಿದವರಲ್ಲಿ ಫ್ಲ್ಯಾಪ್ ಕೆಟ್ಟದ್ದು ಶೇ. 12, ಸೋಂಕು ಶೇ. 17.5.

ಕಾರಣವೇನು? ತೆರೆದ ಗಾಯದಲ್ಲಿ ದಿನದಿನಕ್ಕೂ ರೋಗಾಣು ನೆಲೆಯೂರುತ್ತವೆ, ಮೂಳೆ ಒಣಗಿ ಸಾಯುತ್ತದೆ, ಸುತ್ತಲಿನ ಭಾಗ ಊದಿ ಗಟ್ಟಿಯಾಗಿ ರಕ್ತನಾಳಗಳು ಹೊಲಿಗೆಗೆ ಬಾರದಂತಾಗುತ್ತವೆ. ಗಾಯದ ಮೇಲೆ ಸ್ಪಂಜು ಇಟ್ಟು ಮುಚ್ಚಿ ಗಾಳಿ ಹೀರುವ ಯಂತ್ರ ಜೋಡಿಸುವ ಚಿಕಿತ್ಸೆ 1997ರ ನಂತರ ಎಲ್ಲೆಡೆ ಹರಡಿತು. ಅದರಿಂದ ಒಂದಿಷ್ಟು ದಿನದ ಅವಕಾಶ ಸಿಗುತ್ತದೆ. ಆದರೆ ಅದು ಮಳೆಗೆ ಹಾಕಿದ ಟಾರ್ಪಾಲು, ಹೆಂಚಿನ ಮಾಡು ಅಲ್ಲ. ಬ್ರಿಟನ್ನಿನ ಮಾರ್ಗಸೂಚಿ ಇಂದಿಗೂ ಮೂಳೆ ಮುರಿದು ತೆರೆದ ಗಾಯವನ್ನು 72 ಗಂಟೆಯೊಳಗೆ ಮುಚ್ಚಲು ಹೇಳುತ್ತದೆ.

ನಮ್ಮವರು ಊರಿನ ಟಿಕೆಟ್ ಮಾಡುವುದು ಯಾವಾಗ? ಎರಡನೆಯ ವಾರದಲ್ಲಿ, ಎರಡನೆಯ ತಿಂಗಳಲ್ಲಿ. ಅಂದರೆ ಸರಿಯಾಗಿ ಆ ಕೆಟ್ಟ ಅವಧಿಯಲ್ಲಿ. ತಡವಾಗಿ ಬಂದವರ ಕಾಲು ಉಳಿಯುವುದೇ ಇಲ್ಲ ಎಂದಲ್ಲ, ಉಳಿಸುತ್ತೇವೆ. ಆದರೆ ಒಂದರ ಬದಲು ನಾಲ್ಕು ಆಪರೇಷನ್ ಆಗುತ್ತದೆ, ತಿಂಗಳುಗಳ ಸಂಬಳ ಹೋಗುತ್ತದೆ, ಕೆಲವೊಮ್ಮೆ ಕಾಲೂ ಹೋಗುತ್ತದೆ.

ಮೊದಲ ಗಂಟೆಯಲ್ಲಿ ನೀವು ಮಾಡಬೇಕಾದದ್ದು

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಆ ಭಾಗವನ್ನು ಎತ್ತರಕ್ಕೆ ಇಡಿ. ಊತ ಬರುವ ಮುನ್ನ ಉಂಗುರ, ಬಳೆ, ವಾಚ್ ತೆಗೆಯಿರಿ. ಅರಿಸಿನ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ.

ಸುಟ್ಟಿದ್ದರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಬೇಸಿಗೆಯಲ್ಲಿ ಇಲ್ಲಿನ ನಲ್ಲಿ ನೀರು ತಾನೇ ಬಿಸಿಯಿರುತ್ತದೆ, ಮೊದಲು ಕೈಗೆ ಬಿಟ್ಟು ನೋಡಿ. ಐಸ್, ಟೂತ್‌ಪೇಸ್ಟ್, ಬೆಣ್ಣೆ ಹಚ್ಚಬೇಡಿ.

ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ನೀರಿರುವ ಇನ್ನೊಂದು ಚೀಲದಲ್ಲಿಡಿ. ಐಸ್ ನೇರವಾಗಿ ತಾಗಿದರೆ ಜೀವಕೋಶ ಹೆಪ್ಪುಗಟ್ಟಿ ಸಾಯುತ್ತವೆ. ಹಾಗೆಯೇ, ಕನ್ವೇಯರ್‌ಗೆ ಸಿಕ್ಕಿ ಕಾಲುಚೀಲದಂತೆ ಸುಲಿದುಬಂದ ಚರ್ಮವಿದ್ದರೆ ಎಸೆಯಬೇಡಿ, ಅದನ್ನೂ ಹೀಗೇ ತನ್ನಿ. ಕೊಬ್ಬು ತೆಗೆದು ಅದನ್ನೇ ಕಸಿಯಾಗಿ ಮರಳಿ ಹಾಕಬಹುದಾದ ಸಂದರ್ಭಗಳಿವೆ.

ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿ. ಮೂಳೆ ಅಥವಾ ಟೆಂಡನ್ ಕಾಣುತ್ತಿದೆಯೇ? ಹಾಗಿದ್ದರೆ ಪ್ಲಾಸ್ಟಿಕ್ ಸರ್ಜನ್ ಯಾವಾಗ ನೋಡುತ್ತಾರೆ? ಇಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಕನ್ನಡವಾಗಲಿ ಹಿಂದಿಯಾಗಲಿ, ನಾಚಿಕೆಯಿಲ್ಲದೆ ಕೇಳಿ.

ಆಪರೇಷನ್ ಮುಗಿದ ಮೇಲೆ

ಹೊಸ ಚರ್ಮಕ್ಕೆ ಎಣ್ಣೆ, ಬೆವರಿನ ಗ್ರಂಥಿ ಇಲ್ಲದಿರುವುದರಿಂದ ಒಣಗಿ ಬಿರಿಯುತ್ತದೆ. ಪೂರ್ತಿ ಮಾಯ್ದ ಮೇಲೆ ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಚ್ಚಿ ನಯವಾಗಿ ಉಜ್ಜಿದರೂ ಸಾಕು. ಬಿಸಿಲಿಗೆ ಕಪ್ಪಾಗುತ್ತದೆ, ಮುಚ್ಚಿಕೊಳ್ಳಿ. ಸ್ಪರ್ಶ ಕಡಿಮೆ ಇರುತ್ತದೆ. ಅಡುಗೆಮನೆ, ವೆಲ್ಡಿಂಗ್ ಕೆಲಸದವರು ತಿಳಿಯದೆ ಮತ್ತೆ ಸುಟ್ಟುಕೊಳ್ಳುತ್ತಾರೆ, ಕಣ್ಣಿಟ್ಟಿರಿ. ಕಲೆ ಮಾಗಲು ವರ್ಷವೇ ಬೇಕು. ಅಲ್ಲಿಯವರೆಗೆ ಬಿಗಿ ಉಡುಪು, ಫಿಜಿಯೋಥೆರಪಿ ಬಿಡಬಾರದು. ನಾವು ಆಪರೇಷನ್ ಮಾಡುವುದು ಕೆಲವು ಗಂಟೆ, ಬೆರಳು ಮಡಚುವಂತೆ ಮಾಡುವುದು ನಿಮ್ಮ ತಿಂಗಳುಗಳ ವ್ಯಾಯಾಮ.

ಸಿಗರೇಟು ಸೇದುವ ಅಣ್ಣಂದಿರಿಗೆ ಒಂದು ಮಾತು. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹತ್ತು ಗಂಟೆ ಕೂತು ಜೋಡಿಸಿದ ಫ್ಲ್ಯಾಪನ್ನು ಬಾತ್‌ರೂಮಿನಲ್ಲಿ ಕದ್ದು ಸೇದಿದ ಸಿಗರೇಟು ಕೆಡಿಸಬಹುದು.

ದುಡ್ಡು, ಕಾನೂನು, ಊರಿನ ಟಿಕೆಟ್

ಗಾಯ ಮುಚ್ಚಿಡುವುದು ನೋವು ಗೊತ್ತಾಗದೆ ಅಲ್ಲ, ಕೆಲಸ ಹೋಗುವ ಭಯದಿಂದ, ಖರ್ಚಿನ ಭಯದಿಂದ. ಅದು ನನಗೂ ಗೊತ್ತು. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದಲ್ಲಾದ ಗಾಯದ ಚಿಕಿತ್ಸೆಯ ಖರ್ಚು ಗುಣವಾಗುವವರೆಗೆ ಮಾಲೀಕರದು. ಚಿಕಿತ್ಸೆಯ ಕಾಲಕ್ಕೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಮುಂದುವರಿದರೆ ಇನ್ನಾರು ತಿಂಗಳವರೆಗೆ ಅರ್ಧ ಸಂಬಳ. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದರೆ ಹಕ್ಕು ಕೈತಪ್ಪಬಹುದು. ಮನೆಗೆಲಸದವರಿಗೆ ಬೇರೆ ಕಾನೂನಿದೆ. ಹಕ್ಕು ಕೇಳಲು ದಾಖಲೆ ಬೇಕು. ಅದಕ್ಕೇ ಗಾಯವಾದ ದಿನವೇ ಸೂಪರ್‌ವೈಸರ್‌ಗೆ ತಿಳಿಸಿ ವರದಿ ಬರೆಸಿ. "ರೂಮಿನಲ್ಲಿ ಬಿದ್ದೆ" ಎಂದು ಹೇಳಿಸಿಕೊಂಡು ಸುಮ್ಮನಾಗಬೇಡಿ.

ಊರಿಗೆ ಹೋಗಲೇಬೇಕಾದರೆ ಗಾಯವನ್ನು ಇಲ್ಲಿ ಮುಚ್ಚಿಸಿಕೊಂಡು ಹೋಗಿ, ಮುಂದಿನ ಆರೈಕೆ ಊರಲ್ಲಿ ಆಗಲಿ. ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ವಿವರ, ಎಕ್ಸ್‌ರೇ, ಕೀವಿನ ಪರೀಕ್ಷೆಯ ವರದಿ, ಕೊಟ್ಟ ಔಷಧಿಗಳ ಪಟ್ಟಿ ಕೈಚೀಲದಲ್ಲಿರಲಿ. ಮೊಬೈಲಿನಲ್ಲಿ ಪ್ರತಿ ಡ್ರೆಸ್ಸಿಂಗ್ ದಿನದ ಫೋಟೊ ಇದ್ದರೆ ನಮಗೆ ಅದೇ ಅರ್ಧ ಚರಿತ್ರೆ. ವಿಮಾನ ಯಾವಾಗ ಹತ್ತಬಹುದು ಎಂಬುದನ್ನು ಆಪರೇಷನ್ ಮಾಡಿದ ವೈದ್ಯರೇ ಹೇಳಲಿ.

ಸಂಘಕ್ಕೆ ನನ್ನದೊಂದು ಕೋರಿಕೆ. ಪ್ರತಿ ಲೇಬರ್ ಕ್ಯಾಂಪಿನಲ್ಲೂ ನಮ್ಮವರಲ್ಲಿ ಒಬ್ಬರು, ಗಾಯವಾದ ರಾತ್ರಿ ಫೋನ್ ಮಾಡಬಹುದಾದವರು ಇರಲಿ. ಅವರು ವೈದ್ಯರಾಗಬೇಕಿಲ್ಲ. "ಮೂಳೆ ಕಾಣ್ತಿದೆಯಾ? ಹಾಗಾದರೆ ನಾಳೆ ಅಲ್ಲ, ಈಗಲೇ ಹೋಗೋಣ, ನಾನೂ ಬರುತ್ತೇನೆ" ಎನ್ನುವ ಒಬ್ಬರು ಸಾಕು. ಮೂರು ದಿನದೊಳಗೆ ಗಾಯ ಸರಿಯಾದ ಕೈಗೆ ತಲುಪಿದರೆ ಉಳಿದದ್ದನ್ನು ನಮ್ಮಂಥವರು ನೋಡಿಕೊಳ್ಳುತ್ತೇವೆ.

ಎಲ್ಲರೂ ಕೈಕಾಲು ಜೋಪಾನವಾಗಿಟ್ಟುಕೊಂಡು ದುಡಿಯಿರಿ.